ಗಳಗನಾಥರೂ ‘ಕನ್ನಡಿಗರ ಕರ್ಮಕಥೆ’ಯೂ

ದೇವದುರ್ಗ ತಾಲೂಕಿನ ಗೂಗಲ್ ಕೃಷ್ಣಾನದಿಯ ದಡದ ಊರು. ಅಲ್ಲಮಪ್ರಭುವಿನ ಸನ್ನಿಧಾನವೆಂದು ಸುತ್ತಣ ಜನರು ಭಕ್ತಿಯಿಂದ ನಡೆದುಕೊಳ್ಳುವ ಸ್ಥಳ. ಅಲ್ಲಿ ದಡದ ಮೇಲೆ ನಿಂತವನ ಮುಂದೆ ಹರಿಯುವ ನೀರು, ಮೇಲ್ಗಡೆಯಲ್ಲಿ ರಕ್ಕಸಗಿ ತಂಗಡಗಿಗಳ ಸೀಮೆಯನ್ನು ಹಾಯ್ದು ಬಂದ ನೀರು. 1565ನೆಯ ಇಸವಿಯ ಜನವರಿ 23ರಂದು ನಡೆದು, ತಾಳಿಕೋಟೆಯ ಕಾಳಗವೆಂದು ಹೆಸರಾದ ಯುದ್ಧದಲ್ಲಿ ವಿಜಯನಗರದ ಭಾಗ್ಯವು ಮುಳುಗಿದ್ದು ಈ ಹೊಳೆಯ ನೆರೆಯಲ್ಲಿಯೇ. ರಾಯಚೂರು ಸೀಮೆಯ ತೆಂಕಣ ಎಲ್ಲೆಯಾದ ತುಂಗಭದ್ರೆಯಾದರೋ, ಆ ರಾಜ್ಯವು ಹುಟ್ಟಿ ಬೆಳೆದ ಹಂಪೆಯ ಬಂಡೆಗಳನ್ನು ಬಳಸಿಕೊಂಡು ಬರುವಳು. ಹಂಪೆಗಿಂತಲೂ ಮೇಲೆ, ತುಂಗಭದ್ರೆಯು ವರದೆಯನ್ನು ಕೂಡಿಕೊಳ್ಳುವಲ್ಲಿ, ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವುಳ್ಳ ಗಳಗನಾಥವೆಂಬ ಹಳ್ಳಿಯಿದೆ. ಆ ಹಳ್ಳಿಯ ಹೆಸರನ್ನೇ ತನ್ನ ಹೆಸರನ್ನಾಗಿ ಮಾಡಿಕೊಂಡ ಒಬ್ಬ ಶಾಲಾಮಾಸ್ತರರು, ತುಂಗಭದ್ರೆಯ ದಡದಲ್ಲಿ ಮೊದಲಾಗಿ ಕೃಷ್ಣೆಯ ದಡದಲ್ಲಿ ಮುಗಿದ ಆ ರಾಜ್ಯದ ಕಥೆಯನ್ನು ಕನ್ನಡಿಗರ ಮನೆಮನೆಗೆ ಮುಟ್ಟಿಸಿದರು. ಎರಡು ನದಿಗಳ ನಡುವಣ ಈ ನಾಡಿನವರಿಗೆ ಗಳಗನಾಥರ ಗ್ರಂಥಗಳ ವಿಚಾರವು ದೂರದ ವಿಚಾರವಲ್ಲ.

ಗಳಗನಾಥರ ವಿಷಯದಲ್ಲಿ ವಿದ್ವಾಂಸರ ಮಾತು ಎರಡು ಬಗೆಯಾಗಿರುವದು. ‘ಕನ್ನಡ ಕಾದಂಬರಿಯ ಪಿತಾಮಹ’ರೆಂದು ಅವರನ್ನು ಕೊಂಡಾಡಿ ಅವರ ಪುಸ್ತಕಗಳನ್ನು ತೆರೆಯದೆ ಇಡುವದು ಒಂದು ಬಗೆ, ‘ಮರಾಠಿಯಿಂದ ತಂದವರು, ಸ್ವತಂತ್ರ ಪ್ರತಿಭೆಯಿಲ್ಲದವರು’ ಎಂದು ತೆರೆಯುವ ಮೊದಲೇ ಮುಚ್ಚಿಬಿಡುವದು ಇನ್ನೊಂದು ಬಗೆ. ಎರಡರಿಂದಲೂ ಗ್ರಂಥಕರ್ತನಿಗೆ ನ್ಯಾಯ ದೊರೆಯುವದಿಲ್ಲ. ಒಂದು ಕಾಲದ ಜನರು ಊಟ ನಿದ್ರೆಗಳನ್ನು ಮರೆತು ಓದಿದ ಪುಸ್ತಕದಲ್ಲಿ ಅವರು ಕಂಡುಕೊಂಡದ್ದೇನು, ಅದರಲ್ಲಿ ಗಟ್ಟಿಯಾದದ್ದೆಷ್ಟು, ಜೊಳ್ಳಾದದ್ದೆಷ್ಟು ಎಂದು ಕೇರಿ ನೋಡುವದೇ ವಿಮರ್ಶೆಯ ಕೆಲಸ.

ವೆಂಕಟೇಶ ತಿರಕೋ ಕುಲಕರ್ಣಿ ಎಂಬದು ಅವರ ನಿಜನಾಮ. ಜನನ 1869ನೆಯ ಇಸವಿಯ ಜನವರಿ 5ರಂದು. ಧಾರವಾಡದಲ್ಲಿ ಶಿಕ್ಷಕರ ತರಬೇತಿಯನ್ನು ಪಡೆದು ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಕೆಲಸ ಮಾಡಿದರು. ಅವರ ಮೊದಲ ಕಾದಂಬರಿಯಾದ ‘ಪ್ರಬುದ್ಧ ಪದ್ಮನಯನೆ’ಯು 1898ರಲ್ಲಿ ಹೊರಬಂದು, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನಕ್ಕೆ ಪಾತ್ರವಾಯಿತು. ಮುಂದೆ ಹಾವೇರಿಯ ಸಮೀಪದ ಅಗಡಿಯಲ್ಲಿ, ಶೇಷಾಚಲ ಸದ್ಗುರುಗಳ ಆನಂದವನದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ಯೆಂಬ ಮಾಸಪತ್ರಿಕೆಯು ಹೊರಟಾಗ ಗಳಗನಾಥರ ಲೇಖನಿಗೆ ತಕ್ಕ ಕ್ಷೇತ್ರವು ದೊರೆಯಿತು. ಭಕ್ತಿ ನೀತಿಗಳ ಬೋಧೆಯೊಡನೆ ಕಥೆಯ ಸವಿಯನ್ನು ಬೆರೆಸಿ ಕೊಟ್ಟ ಈ ಪತ್ರಿಕೆಯು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೆ ಹೋಯಿತು. ತರುವಾಯ ‘ಸದ್ಗುರು’ವೆಂಬ ಪತ್ರಿಕೆಯನ್ನು ಅವರು ತಾವೇ ನಡೆಯಿಸಿದರು. 1942ನೆಯ ಇಸವಿಯ ಏಪ್ರಿಲ್ 22ರಂದು ಅವರು ತೀರಿಕೊಳ್ಳುವಷ್ಟರಲ್ಲಿ ಇಪ್ಪತ್ತಕ್ಕೂ ಮಿಕ್ಕಿದ ಕಾದಂಬರಿಗಳೂ, ಪುರಾಣಕಥೆಗಳೂ, ಚರಿತ್ರೆಗಳೂ, ಪ್ರಬಂಧಗಳೂ ಅವರಿಂದ ಬಂದಿದ್ದವು.

ಇಷ್ಟು ಗ್ರಂಥಗಳು ಮಾರಿಹೋದ ಬಗೆಯು ಕೇಳತಕ್ಕದ್ದಾಗಿದೆ. ಆಗ ಧಾರವಾಡದ ಕಡೆಯಲ್ಲಿ ಕಲಿತವರ ಕೈಯಲ್ಲಿ ಮರಾಠಿ ಪುಸ್ತಕವಿರುತ್ತಿತ್ತು. ಮರಾಠಿಯಲ್ಲಿ ಮಾತನಾಡುವದೇ ದೊಡ್ಡಸ್ತಿಕೆಯೆಂದು ತಿಳಿದ ಕನ್ನಡದ ಮನೆತನಗಳು ಕಡಿಮೆ ಇರಲಿಲ್ಲ. ರಾಯಚೂರು ಸೀಮೆಯು 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದು, ಇಲ್ಲಿ ಕಚೇರಿಯ ಭಾಷೆಯೂ ಮೇಲ್ತರಗತಿಯ ಶಿಕ್ಷಣದ ಭಾಷೆಯೂ ಉರ್ದುವಾಗಿದ್ದಿತು. ಮೈಸೂರಲ್ಲಿ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಿಸಿ ವಾಚಕರನ್ನು ಸಂಪಾದಿಸಿದ್ದರು. ಅವರಿಗೆ ದೊರೆತ ಆಶ್ರಯವು ತುಂಗಭದ್ರೆಯ ಈಚೆಗೆ ದೊರೆಯುವಂತಿರಲಿಲ್ಲ. ಇಂಥಲ್ಲಿ ಕನ್ನಡ ಪುಸ್ತಕವನ್ನು ಅಚ್ಚು ಹಾಕಿಸಿ ಅಂಗಡಿಯಲ್ಲಿ ಇಟ್ಟರೆ ಗೆದ್ದಲಿಗೆ ಆಹಾರವಾಗುವದೇ ಸರಿ. ಗಳಗನಾಥರು ಅಂಗಡಿಯನ್ನು ನೆಚ್ಚಲಿಲ್ಲ. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಬರೆದವನೇ ಹೊತ್ತು ತಂದ ಪುಸ್ತಕವನ್ನು ಬೇಡವೆನ್ನಲಾರದೆ ಕೊಂಡ ಮನೆಯವರು, ಮಾಸ್ತರರು ಮುಂದಿನ ಸಲ ಬಂದಾಗ ತಾವಾಗಿ ಕೇಳಿ ಕೊಳ್ಳತಕ್ಕವರಾದರು. ಇಂದು ಒಂದು ಪುಸ್ತಕವು ಬಹಳ ಮಾರಾಟವಾಯಿತೆಂದರೆ ಅದಕ್ಕೆ ಮೊದಲೇ ಸಿದ್ಧವಾಗಿದ್ದ ಕೊಳ್ಳುವವರಿದ್ದರೆಂದು ಅರ್ಥ; ಗಳಗನಾಥರ ಪುಸ್ತಕವು ಮಾರಿತೆಂದರೆ, ಕೊಳ್ಳುವವರನ್ನು ಆ ಪುಸ್ತಕವೇ ಹುಟ್ಟಿಸಿತೆಂದು ಅರ್ಥ. ಇಷ್ಟು ದುಡಿದರೂ ಆ ಮಾರಾಟದಿಂದ ಅವರು ಶ್ರೀಮಂತರಾಗಲಿಲ್ಲ.

ಆದರೆ ಪರಿಶ್ರಮವು ಎಷ್ಟೇ ಪೂಜ್ಯವಾದರೂ ಗ್ರಂಥದ ಗುಣಕ್ಕೆ ಅದು ಸಾಕ್ಷಿಯಲ್ಲ. ಬೆನ್ನು ಬಗ್ಗಿಸಿ ಹೊತ್ತು ತಂದದ್ದೆಂಬ ಕಾರಣದಿಂದ ಜೊಳ್ಳು ಕಾಳಾಗಲಾರದು. ಆದುದರಿಂದ ಗ್ರಂಥಗಳ ಕಡೆಗೇ ತಿರುಗಬೇಕು.

ಅವರ ಮೇಲಣ ಮೊದಲನೆಯ ಆಕ್ಷೇಪವು ಸ್ವತಂತ್ರತೆಯ ಬಗ್ಗೆ. ಗಳಗನಾಥರ ಐತಿಹಾಸಿಕ ಕಾದಂಬರಿಗಳಲ್ಲಿ ಹಲವು, ಮರಾಠಿಯ ಹೆಸರಾಂತ ಕಾದಂಬರಿಕಾರರಾದ ಹರಿ ನಾರಾಯಣ ಆಪಟೆಯವರ ಗ್ರಂಥಗಳನ್ನು ಆಧರಿಸಿದವು. ಆಪಟೆಯವರು ಗಳಗನಾಥರಿಗಿಂತ ಐದು ವರುಷ ಹಿರಿಯರು, 1919ರಲ್ಲಿ ತೀರಿಕೊಂಡರು. ಶಿವಾಜಿಯ ಕಾಲದ ಕಥೆಗಳನ್ನು ಅವರು ಬರೆದ ರೀತಿಯು ಮಹಾರಾಷ್ಟ್ರದ ತರುಣರನ್ನು ಹುರಿದುಂಬಿಸಿದ್ದಿತು. ಆ ಹುರುಪನ್ನು ಕನ್ನಡಕ್ಕೆ ತರಬೇಕೆಂದು ಗಳಗನಾಥರು ಬಯಸಿದರು. ಇದರಲ್ಲಿ ಒಂದು ವಿಪರ್ಯಾಸವುಂಟು. ಮರಾಠಿಯ ಮೋಹದಿಂದ ಕನ್ನಡಿಗರನ್ನು ಬಿಡಿಸುವದಕ್ಕೆ ಅವರು ಹಿಡಿದ ಸಾಧನವು ಮರಾಠಿಯ ಕಥೆಯೇ ಆಗಿದ್ದಿತು. ಮುಳ್ಳಿನಿಂದ ಮುಳ್ಳನ್ನು ತೆಗೆದರೆಂದು ಇದನ್ನು ಮೆಚ್ಚಬಹುದು. ಆದರೆ ಮರಾಠರ ಅಭ್ಯುದಯವನ್ನೇ ತನ್ನ ಅಭ್ಯುದಯವೆಂದು ಕನ್ನಡದ ಹುಡುಗನು ಬಹು ಕಾಲ ಓದಿದನೆಂಬದನ್ನೂ ಮರೆಯುವಂತಿಲ್ಲ. ಶಿವಾಜಿಯ ಕೋಟೆಗಳ ಹೆಸರು ಬಾಯಿಗೆ ಬಂದಷ್ಟು ಸುಲಭವಾಗಿ ಮುದಗಲ್ಲಿನ ಹೆಸರು ಬರದಿದ್ದರೆ, ಅದು ಆ ಹುಡುಗನ ತಪ್ಪಲ್ಲ.

ಆಧಾರವಿಟ್ಟುಕೊಂಡು ಬರೆದವನೆಲ್ಲ ಬರಿಯ ಭಾಷಾಂತರಕಾರನೆನ್ನುವದಾದರೆ ಕನ್ನಡದ ಹಳೆಯ ಕವಿಗಳಲ್ಲಿ ಉಳಿಯುವವರು ಎಷ್ಟು ಜನ? ವಸ್ತುವು ಎಲ್ಲಿಂದ ಬಂದಿತೆಂಬದಕ್ಕಿಂತ, ಬಂದ ವಸ್ತುವು ಇಲ್ಲಿ ಏನಾಯಿತೆಂಬ ಪ್ರಶ್ನೆಯೇ ದೊಡ್ಡದು. ಇದಕ್ಕೆ ‘ಕನ್ನಡಿಗರ ಕರ್ಮಕಥೆ’ಗಿಂತ ಒಳ್ಳೆಯ ಉದಾಹರಣೆಯು ಸಿಕ್ಕಲಾರದು.

ವಿಜಯನಗರದ ಪತನವನ್ನು ಕುರಿತ ಆಪಟೆಯವರ ಕಾದಂಬರಿಯ ಹೆಸರು ‘ವಜ್ರಾಘಾತ’. ಗಳಗನಾಥರು ಅದನ್ನು ಆಧರಿಸಿ ಬರೆದ ಗ್ರಂಥಕ್ಕೆ ‘ಕನ್ನಡಿಗರ ಕರ್ಮಕಥೆ’ಯೆಂದು ಹೆಸರಿಟ್ಟರು. ಹೆಸರಿನ ಈ ಬದಲಾವಣೆಯಲ್ಲಿಯೇ ಅವರ ಸ್ವತಂತ್ರ ಬುದ್ಧಿಯೆಲ್ಲವೂ ತೋರಿಬರುವದು. ವಜ್ರಾಘಾತವೆಂದರೆ ಸಿಡಿಲಿನ ಪೆಟ್ಟು. ಸಿಡಿಲು ಮೇಲಿನಿಂದ ಬೀಳುವದು. ಬಿದ್ದ ಮನೆಯವನ ತಪ್ಪು ಅದರಲ್ಲಿ ಇರಲಿಕ್ಕಿಲ್ಲ. ನೋಡಿದವರು ಅಯ್ಯೋ ಎಂದು ಮರುಗಬಹುದು. ಕರ್ಮವೆಂದರೆ ಹಾಗಲ್ಲ. ಅದು ಮಾಡಿದವನದು, ಉಣ್ಣಬೇಕಾದವನೂ ಅವನೇ. ನೆರೆಯ ನಾಡಿನ ಗ್ರಂಥಕರ್ತನು ದೂರದಿಂದ ನೋಡಿ ಸಿಡಿಲೆಂದು ಕರೆದದ್ದನ್ನು, ಆ ಮನೆಯೊಳಗಿನ ಮಗನಾದ ಗಳಗನಾಥರು ತಮ್ಮವರ ಕರ್ಮವೆಂದು ಕರೆದರು. ಕೇವಲ ಹೆಮ್ಮೆಯನ್ನು ಹುಟ್ಟಿಸಬೇಕೆಂದು ಹೊರಟವನು ಇಂಥ ಹೆಸರನ್ನು ಇಡುತ್ತಿರಲಿಲ್ಲ. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ವು 1917ರಲ್ಲಿ ಕನ್ನಡಿಗರಿಗೆ ತಮ್ಮ ಹಿರಿಯರ ಸಂಪತ್ತನ್ನು ತೋರಿಸಿಕೊಟ್ಟಿತು, ಆ ಸಂಪತ್ತು ಕೈಬಿಟ್ಟು ಹೋದದ್ದು ಹೇಗೆಂದು ಕೇಳುವ ಧೈರ್ಯವನ್ನು ‘ಕರ್ಮಕಥೆ’ಯು ತೋರಿತು.

ಆ ಕರ್ಮವಾವದು? ಕಥೆಯ ಪ್ರಕಾರ, ಅಳಿಯ ರಾಮರಾಜನು ತಾರುಣ್ಯದಲ್ಲಿ ಮೆಹರ್ಜಾನಳೆಂಬ ಮುಸಲ್ಮಾನ ಯುವತಿಯನ್ನು ಪ್ರೀತಿಸಿ, ರಾಜ್ಯಾಧಿಕಾರದ ಆಸೆಯಿಂದ ಅವಳನ್ನು ತೊರೆದು, ಕೃಷ್ಣದೇವರಾಯನ ಅಳಿಯನಾಗುವನು. ತೊರೆಯಲ್ಪಟ್ಟ ಆ ಹೆಂಗಸಿನ ಮಗನಾದ ರಣಮಸ್ತಖಾನನು ಮುಂದೆ ತಂದೆಗೆ ಎದುರಾಳಿಯಾಗಿ ಬರುವನು. ತಂದೆಗೆ ಮಗನ ಗುರುತಿಲ್ಲ, ಮಗನಿಗೆ ತಂದೆಯ ಗುರುತಿಲ್ಲ. ಓದುವವನಿಗೆ ಮಾತ್ರ ಎಲ್ಲವೂ ಗೊತ್ತು. ಈ ಗೊತ್ತಿರುವಿಕೆಯ ಭಾರದಿಂದಲೇ ಪುಟಗಳು ತಿರುವಲ್ಪಡುವವು. ಸಾಮ್ರಾಜ್ಯದ ನಾಶಕ್ಕೆ ಧರ್ಮಧರ್ಮಗಳ ವೈರವೇ ಕಾರಣವೆಂದು ಸುಲಭವಾಗಿ ಹೇಳಿಬಿಡಬಹುದಾಗಿದ್ದ ಸ್ಥಳದಲ್ಲಿ, ಒಬ್ಬ ಹೆಣ್ಣಿಗೆ ಕೊಟ್ಟ ಮಾತನ್ನು ಒಬ್ಬ ದೊಡ್ಡ ಮನುಷ್ಯನು ಮುರಿದದ್ದನ್ನು ಈ ಕಥೆಯು ಮುಂದಿಡುವದು. ಮೆಹರ್ಜಾನಳ ದುಃಖಕ್ಕೆ ವಾಚಕನ ಕನಿಕರವು ಸಲ್ಲುವದೇ ಹೊರತು ರಾಮರಾಜನ ವೈಭವಕ್ಕೆ ಅಲ್ಲ. ಈ ಅಂಶವನ್ನು ಗಮನಿಸದೆ, ಐತಿಹಾಸಿಕ ಕಾದಂಬರಿಯೆಂದರೆ ಒಂದು ಮತದವರನ್ನು ಹೊಗಳಿ ಇನ್ನೊಂದು ಮತದವರನ್ನು ತೆಗಳುವ ಕಥೆಯೆಂದು ತಿಳಿದವರು ಈ ಗ್ರಂಥವನ್ನು ಮತ್ತೊಮ್ಮೆ ಓದಬೇಕು.

ಇತಿಹಾಸವು ಇದಕ್ಕೆ ಎಷ್ಟರ ಮಟ್ಟಿಗೆ ಒಪ್ಪುವದು? ಮೆಹರ್ಜಾನಳೂ ಅವಳ ಮಗನೂ ಕಲ್ಪನೆಯ ಪಾತ್ರಗಳು. ಆದರೂ ಕಲ್ಪನೆಯು ನೆಲವಿಲ್ಲದೆ ನಿಂತಿಲ್ಲ. ವಿಜಾಪುರದಲ್ಲಿದ್ದು ಇತಿಹಾಸವನ್ನು ಬರೆದ ಫರಿಷ್ತನು ಹೇಳುವ ಒಂದು ಸಂಗತಿಯುಂಟು. ರಾಮರಾಯನ ಮಗನು ತೀರಿಕೊಂಡಾಗ ವಿಜಾಪುರದ ಅಲಿ ಆದಿಲಶಹನು ಸ್ವತಃ ವಿಜಯನಗರಕ್ಕೆ ಬಂದು ಸಮಾಧಾನ ಹೇಳಿದನು. ರಾಮರಾಯನ ಹೆಂಡತಿಯು ಅವನನ್ನು ಮಗನೆಂದು ಭಾವಿಸಿದಳು. ಹಾಗೆ ಮಗನೆನಿಸಿಕೊಂಡವನೇ 1565ರಲ್ಲಿ ಅಹಮದನಗರ, ಗೋಲಕೊಂಡ, ಬೀದರಗಳ ಸುಲ್ತಾನರೊಡನೆ ಕೂಡಿ ಎದುರು ನಿಂತನು. ಯುದ್ಧವಾದ ಎರಡು ವರುಷಗಳ ಮೇಲೆ ವಿಜಯನಗರಕ್ಕೆ ಬಂದ ವೆನಿಸ್ಸಿನ ಪ್ರವಾಸಿ ಸೀಸರ್ ಫ್ರೆಡೆರಿಕನು, ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಮುಸಲ್ಮಾನ ಸರದಾರರು ಕಾಳಗದ ನಡುವೆ ತಿರುಗಿಬಿದ್ದರೆಂದು ಬರೆದಿಟ್ಟಿದ್ದಾನೆ. ಮನೆಗೆ ಬಂದ ಮಗನು ಹಗೆಯಾದದ್ದು, ನಂಬಿದ ಸರದಾರರು ಕೈಬಿಟ್ಟದ್ದು, ಈ ಎರಡು ಎಳೆಗಳು ಒಂದು ಪಾತ್ರದಲ್ಲಿ ಹೆಣೆದುಕೊಂಡಂತೆ ರಣಮಸ್ತಖಾನನು ಕಾಣುವನು. ಕಥೆಗಾರನಿಗೆ ಇಷ್ಟು ಸ್ವಾತಂತ್ರ್ಯವಿಲ್ಲದಿದ್ದರೆ ಐತಿಹಾಸಿಕ ಕಾದಂಬರಿಯೆಂಬದೇ ಇರಲಾರದು.

ಆದರೆ ಗ್ರಂಥದ ದೋಷವೂ ಇಲ್ಲಿಯೇ ಇರುವದು. ಒಬ್ಬನ ತಾರುಣ್ಯದ ಪಾಪದಿಂದ ಒಂದು ರಾಜ್ಯವು ಅಳಿಯಿತೆಂದರೆ ಕಥೆಗೆ ಬಿಗುವು ಬರುವದು ನಿಜ. ಕಾರಣಗಳ ವಿಸ್ತಾರವು ಮಾತ್ರ ಕುಗ್ಗುವದು. ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುತ್ತ ಬಂದ ರಾಮರಾಯನ ರಾಜನೀತಿಯು ಕೊನೆಗೆ ಅವರೆಲ್ಲರನ್ನೂ ಒಂದುಗೂಡಿಸಿದ್ದು ಕರ್ಮವಲ್ಲವೆ? ಮೇಲಾಗಿ, ಆ ಜಗಳದ ಮೂಲವು ಅರಮನೆಯಲ್ಲಿರದೆ ಹೊಲದಲ್ಲಿದ್ದಿತು. ಯುದ್ಧಕ್ಕೆ ಮುಂಚೆ ವಿಜಾಪುರದ ರಾಯಭಾರಿಯು ಬಂದು ಮರಳಿ ಕೇಳಿದ ಕೋಟೆಗಳಲ್ಲಿ ರಾಯಚೂರು ಮುದಗಲ್ಲುಗಳು ಇದ್ದವು. ಇವೇ ಕೋಟೆಗಳಿಗಾಗಿ 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ ಆದಿಲಶಹನೊಡನೆ ಕಾದಿ ಗೆದ್ದಿದ್ದನು. ಪೋರ್ತುಗೀಜನಾದ ನೂನಿಜನು ಆ ಮುತ್ತಿಗೆಯನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಅದಕ್ಕೂ ಮೊದಲು ಬಹಮನಿ ಅರಸರಿಗೂ ವಿಜಯನಗರಕ್ಕೂ ಎರಡು ನದಿಗಳ ನಡುವಣ ಈ ಎರೆಭೂಮಿಗಾಗಿಯೇ ತಲೆಮಾರುಗಳ ವರೆಗೆ ಯುದ್ಧವು ನಡೆದಿದ್ದಿತು. ಗೆದ್ದವನು ಯಾವನಾದರೂ ದಂಡು ಹಾಯ್ದು ಹೋದದ್ದು ಇಲ್ಲಿಯ ಒಕ್ಕಲಿಗನ ಬೆಳೆಯ ಮೇಲೆ. ‘ಕನ್ನಡಿಗರ ಕರ್ಮಕಥೆ’ಯೆಂಬ ದೊಡ್ಡ ಹೆಸರಿನ ಕಥೆಯಲ್ಲಿ ಭಾರವೆಲ್ಲ ಅರಸರ ಮೇಲೂ ಅವರ ಪ್ರಣಯದ ಮೇಲೂ ಬಿದ್ದಿದೆ; ಕೃಷ್ಣೆಯ ದಡದ ಕನ್ನಡಿಗನ ಕರ್ಮವು ಆ ಹೆಸರಿನೊಳಗೆ ಅಡಗಿಯೇ ಉಳಿದಿದೆ. ಹೆಸರು ಕೇಳಿದ ಪ್ರಶ್ನೆಗೆ ಕಥೆಯು ಅರ್ಧ ಉತ್ತರವನ್ನಷ್ಟೇ ಕೊಟ್ಟಿತೆನ್ನಬೇಕಾಗಿದೆ.

‘ಮಾಧವ ಕರುಣಾ ವಿಲಾಸ’ವು 1923ರಲ್ಲಿ ಪ್ರಕಟವಾದುದು. ರಾಜ್ಯದ ಅಳಿವನ್ನು ಹೇಳಿದ ಲೇಖನಿಯು ಇಲ್ಲಿ ಅದರ ಹುಟ್ಟನ್ನು ಹೇಳಿರುವದು. ಹಕ್ಕ ಬುಕ್ಕರ ಸಾಹಸ, ವಿದ್ಯಾರಣ್ಯರೆನಿಸಿದ ಮಾಧವಾಚಾರ್ಯರ ತಪಸ್ಸು, 1336ರ ಸುಮಾರಿನಲ್ಲಿ ತುಂಗಭದ್ರೆಯ ದಡದಲ್ಲಿ ಎದ್ದ ಹೊಸ ರಾಜ್ಯ, ಇವೇ ಇದರ ವಸ್ತು. ರಾಜ್ಯಸ್ಥಾಪನೆಯಲ್ಲಿ ವಿದ್ಯಾರಣ್ಯರ ಪಾತ್ರವು ಎಷ್ಟೆಂಬದನ್ನು ಕುರಿತು ಇತಿಹಾಸಕಾರರಲ್ಲಿ ಬಹಳ ಚರ್ಚೆ ನಡೆದಿದೆ. ಗುರುಗಳ ಕರುಣೆಯಿಂದಲೇ ಎಲ್ಲವೂ ಆಯಿತೆಂಬ ಐತಿಹ್ಯವನ್ನು ಅನೇಕರು ಈಗ ಇದ್ದಕ್ಕಿದ್ದಂತೆ ಸ್ವೀಕರಿಸುವದಿಲ್ಲ. ಗಳಗನಾಥರಿಗಾದರೋ ಆ ಐತಿಹ್ಯವೇ ಜೀವಾಳ. ಆನಂದವನದ ಗುರುಸನ್ನಿಧಿಯಲ್ಲಿ ಪತ್ರಿಕೆಯನ್ನು ನಡೆಯಿಸಿದವರಿಗೆ, ತಪಸ್ವಿಯ ಬಲವು ಕತ್ತಿಯ ಬಲವನ್ನು ನಡೆಯಿಸುವದೆಂಬದು ಬರಿಯ ಕಥಾಸೂತ್ರವಾಗಿರದೆ ಶ್ರದ್ಧೆಯಾಗಿದ್ದಿತು. ಆದುದರಿಂದ ಇಲ್ಲಿಯ ಬರವಣಿಗೆಯಲ್ಲಿ ಒಂದು ಬಗೆಯ ತುಂಬುತನವಿದೆ. ಅದರೊಡನೆ ಉಪದೇಶದ ಅತಿರೇಕವೂ ಇದೆ. ಕಥೆಯು ಓಡುತ್ತಿರುವಾಗ ಅದನ್ನು ನಿಲ್ಲಿಸಿ ನೀತಿಯನ್ನು ಬೋಧಿಸುವ ಚಟವು ಗಳಗನಾಥರಲ್ಲಿ ಬಲವಾಗಿದ್ದಿತು. ಇಂದಿನ ತರುಣ ವಾಚಕನು ಆ ಪುಟಗಳನ್ನು ದಾಟಿ ಹೋದರೆ ಅವನನ್ನು ಬಯ್ಯುವಂತಿಲ್ಲ.

ಎರಡು ಗ್ರಂಥಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಗಳಗನಾಥರ ಮನಸ್ಸಿನ ನೇರವು ತಿಳಿದುಬರುವದು. ಸಂಯಮದಿಂದ ರಾಜ್ಯವು ಹುಟ್ಟಿತು. ಸಂಯಮವು ತಪ್ಪಿದ್ದರಿಂದ ಅಳಿಯಿತು. ಇತಿಹಾಸದ ವಿದ್ಯಾರ್ಥಿಗೆ ಇದು ಸಾಲದು. ಆದರೆ ಸೋತುಹೋದ, ತನ್ನ ಭಾಷೆಗೇ ನಾಚುತ್ತಿದ್ದ ಒಂದು ಜನಾಂಗಕ್ಕೆ, ‘ನಿನ್ನ ಸೋಲಿಗೆ ನೀನೇ ಕಾರಣ, ಆದುದರಿಂದ ನಿನ್ನ ಏಳಿಗೆಗೂ ನೀನೇ ಕಾರಣನಾಗಬಲ್ಲೆ’ ಎಂಬ ಅರ್ಥವು ಈ ಕಥೆಗಳಿಂದ ದೊರೆಯಿತು. ಸಿಡಿಲಿಗೆ ಮದ್ದಿಲ್ಲ, ಕರ್ಮಕ್ಕೆ ಪ್ರಾಯಶ್ಚಿತ್ತವುಂಟು. ಅವರ ಗ್ರಂಥಗಳು ಅಷ್ಟು ಜನರ ಕೈಗೆ ಹೋದದ್ದಕ್ಕೆ ಕಥಾಕೌತುಕದಷ್ಟೇ ಈ ಭರವಸೆಯೂ ಕಾರಣವಾಗಿರಬೇಕು.

ಭಾಷೆಯ ವಿಚಾರದಲ್ಲಿ ಗಳಗನಾಥರು ಪಂಡಿತರನ್ನು ಮೆಚ್ಚಿಸಹೋಗಲಿಲ್ಲ. ಸಂಸ್ಕೃತದ ಸಮಾಸಗಳು ಅವರಲ್ಲಿ ಬೇಕಾದಷ್ಟಿವೆ. ಆದರೆ ವಾಕ್ಯದ ನಡಿಗೆಯು ಹೇಳುವವನದು, ಬರೆಯುವವನದಲ್ಲ. ವಾಚಕರನ್ನು ನಡುನಡುವೆ ಕರೆದು ಮಾತಾಡಿಸಿ, ಹಿಂದಿನದನ್ನು ನೆನಪು ಮಾಡಿಕೊಟ್ಟು, ಮುಂದಿನದಕ್ಕೆ ಕಾತರವನ್ನು ಹುಟ್ಟಿಸುವ ಈ ರೀತಿಯು ಕೀರ್ತನಕಾರರ ಮತ್ತು ಪುರಾಣಿಕರ ರೀತಿ. ಒಬ್ಬರು ಗಟ್ಟಿಯಾಗಿ ಓದಿ ಹತ್ತು ಜನರು ಕೇಳುವ ಮನೆಗೆ ಇಂಥ ಗದ್ಯವೇ ತಕ್ಕದ್ದು. ಅಕ್ಷರ ಬಾರದ ಅಜ್ಜಿಗೂ ಇದು ತಿಳಿಯುವದು. ಕಣ್ಣಿನಿಂದ ಮೌನವಾಗಿ ಓದುವ ಇಂದಿನವರಿಗೆ ಅದರ ಪುನರುಕ್ತಿಯು ಬೇಸರ ತರುವದುಂಟು. ಕಿವಿಯಿಂದ ಓದಿದರೆ ಆ ಪುನರುಕ್ತಿಯೇ ಹದವಾಗಿ ಕೇಳುವದು.

ಗಳಗನಾಥರ ತರುವಾಯ ಕನ್ನಡದಲ್ಲಿ ಐತಿಹಾಸಿಕ ಕಾದಂಬರಿಯು ಬಹುದೂರ ಸಾಗಿತು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲಿ ಅರಸನ ದೋಷದೊಡನೆ ಮಂತ್ರಿಗಳ, ಪ್ರಜೆಗಳ, ಪರಕೀಯರ ದೋಷಗಳೂ ತೂಗಲ್ಪಟ್ಟವು. ತ.ರಾ.ಸು. ಅವರು ಚಿತ್ರದುರ್ಗದ ಕಲ್ಲುಕೋಟೆಗೆ ನಾಲಗೆಯನ್ನು ಕೊಟ್ಟು, 1982ರಲ್ಲಿ ಬಂದ ‘ದುರ್ಗಾಸ್ತಮಾನ’ದಲ್ಲಿ ಒಂದು ಪಾಳೆಯಗಾರಿಕೆಯ ಅಂತ್ಯವನ್ನು ಬರೆದರು. ಕಲೆಯ ದೃಷ್ಟಿಯಿಂದ ಇವು ಗಳಗನಾಥರ ಗ್ರಂಥಗಳಿಗಿಂತ ಮೇಲಾದವೆಂಬದರಲ್ಲಿ ಸಂದೇಹವಿಲ್ಲ. ಆದರೆ ಇವರಿಗೆ ಸಿದ್ಧರಾದ ವಾಚಕರಿದ್ದರು. ಆ ವಾಚಕರ ತಂದೆತಾಯಿಗಳಿಗೆ ಕನ್ನಡದ ಓದಿನ ರುಚಿಯನ್ನು ಹತ್ತಿಸಿದವರಲ್ಲಿ, ಗಂಟು ಹೊತ್ತು ಬಂದ ಆ ಮಾಸ್ತರರು ಮುಖ್ಯರು.

1934ರಲ್ಲಿ ರಾಯಚೂರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಲನವು ಕೂಡಿದಾಗ, ಉರ್ದುವಿನ ಆಳಿಕೆಯ ನಡುವೆಯೂ ಈ ಸೀಮೆಯಲ್ಲಿ ಕನ್ನಡಕ್ಕೆ ಓಗೊಡುವ ಜನರಿದ್ದರೆಂಬದು ಲೋಕಕ್ಕೆ ತಿಳಿಯಿತು. 1956ರಲ್ಲಿ ನಾಡು ಒಂದಾಯಿತು. ಈಗ ರಾಯಚೂರಿನ ಹುಡುಗನು ಶಾಲೆಯಲ್ಲಿ ಕನ್ನಡವನ್ನು ಓದುವದಕ್ಕೆ ಯಾರ ಅಡ್ಡಿಯೂ ಇಲ್ಲ. ‘ಕನ್ನಡಿಗರ ಕರ್ಮಕಥೆ’ಯು ಮರುಮುದ್ರಣಗೊಂಡು ಕೈಗೆ ಸಿಕ್ಕುವಂತಿದೆ. ಅದನ್ನು ಈ ನಾಡಿನಲ್ಲಿ ಓದುವವರು, ಕಥೆಯು ಮುಗಿದ ಮೇಲೆ ಗೂಗಲ್ ದಡಕ್ಕೆ ಹೋಗಿ ಕೃಷ್ಣೆಯನ್ನು ಒಮ್ಮೆ ನೋಡುವದು ಒಳಿತು. ರಾಮರಾಜನ ಪಾಪವನ್ನು ಗಳಗನಾಥರು ಬರೆದಿಟ್ಟಿದ್ದಾರೆ. ದಂಡುಗಳು ತುಳಿದ ಹೊಲಗಳ ಕಥೆಯನ್ನು ಅವರು ಆ ದಡದ ಮೇಲೆಯೇ ಬಿಟ್ಟುಹೋಗಿದ್ದಾರೆ. ಅದನ್ನು ಎತ್ತಿಕೊಳ್ಳುವ ಋಣವು ಎರಡು ನದಿಗಳ ನಡುವಣ ಮಕ್ಕಳದಾಗಿದೆ.